ರಾಮ ರಾಘೋಬಾ ರಾಣೆ ಕಾಲ್ದಳದ ಅಧಿಕಾರಿಯಾಗಿದ್ದರೇ? ಯುದ್ಧದಲ್ಲಿ ಅವರು ಮಾಡಿದ್ದೇನು?

ಕಾರವಾರದ ಬೀಚಿನಲ್ಲಿ ರಾಣೆಯವರ ಪ್ರತಿಮೆ ನೋಡಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇವರು ಇನ್‌ಫೆಂಟ್ರಿ ಅಧಿಕಾರಿಯಾ? ಪರಮವೀರ ಚಕ್ರ ಸಿಗಬೇಕಾದರೆ ಎಷ್ಟು ಜನ ಶತ್ರುಗಳನ್ನು ಹೊಡೆದಿರಬೇಕು? ನಾನು ಇದೇ ಕರಾವಳಿಯವನು, ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ: ಅಲ್ಲ. ಅವರು ಸೇನೆಯ ಇಂಜಿನಿಯರ್ ದಳದವರು, ಬಾಂಬೆ ಸ್ಯಾಪರ್ಸ್. ದಾರಿ ಮಾಡುವುದು, ಸೇತುವೆ ಹಾಕುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು ಸ್ಯಾಪರ್‌ಗಳ ಕೆಲಸ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಸ್ವಾರಸ್ಯವಾಗಿದೆ. ಪದಕ ಯಾಕೆ ಕೊಟ್ಟೆವು ಅಂತ ಸರ್ಕಾರ ಬರೆದ ಪತ್ರದಲ್ಲಿ ರಾಣೆಯವರು ಒಬ್ಬನನ್ನಾದರೂ ಕೊಂದರು ಎನ್ನುವ ಮಾತೇ ಇಲ್ಲ. ಅದರ ತುಂಬ ಇರುವುದು ರಸ್ತೆ, ಮರ, ಮೈನ್ ಮತ್ತು ಗಂಟೆಯ ಲೆಕ್ಕ.

ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ 1947–48ರ ಯುದ್ಧ ನಡೆಯುತ್ತಿದ್ದ ಕಾಲ. 1948ರ ಮಾರ್ಚ್ 18ಕ್ಕೆ ನಮ್ಮ ಸೇನೆ ಜಮ್ಮು ಕಡೆಯ ಝಂಗರ್ ಅನ್ನು ವಾಪಸ್ ಗೆದ್ದುಕೊಂಡಿತ್ತು. ಮುಂದಿನ ಗುರಿ ರಾಜೌರಿ. ನೌಶೇರಾದಿಂದ ಅಲ್ಲಿಗೆ ಬೆಟ್ಟ ಸುತ್ತಿಕೊಂಡು ಹೋಗುವ ಒಂದು ರಸ್ತೆ. ಎದುರಾಳಿಗಳು ಅದರ ಉದ್ದಕ್ಕೂ ದೊಡ್ಡ ದೊಡ್ಡ ಪೈನ್ ಮರ ಕೆಡವಿದ್ದರು, ಮೋರಿ ಒಡೆದಿದ್ದರು, ಮೈನ್ ಹೂತಿದ್ದರು. ಮೇಲಿಂದ ಮೆಷಿನ್‌ಗನ್ ಇಟ್ಟು ಕಾಯುತ್ತಿದ್ದರು. ಕಾಲ್ದಳದವರು ಹೇಗೋ ಗುಡ್ಡ ಹತ್ತಿ ಹೋದಾರು. ಟ್ಯಾಂಕಿಗೆ, ಹಿಂದೆ ಬರುವ ರೇಷನ್ ಮತ್ತು ಮದ್ದುಗುಂಡಿನ ಲಾರಿಗಳಿಗೆ ರಸ್ತೆ ಬೇಕೇ ಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಹತ್ತಿರ ಶಿರೂರು ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ಒಂದು ರಸ್ತೆ ನಿಂತರೆ ಏನೇನು ನಿಲ್ಲುತ್ತದೆ ಅಂತ ಎಲ್ಲರೂ ಕಂಡಿದ್ದೇವೆ. ಮಣ್ಣು ತೆಗೆಯುವವರ ಮೇಲೆ ಗುಂಡು ಹಾರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಏಪ್ರಿಲ್ 8ರ ಬೆಳಿಗ್ಗೆ 11ರ ಹೊತ್ತಿಗೆ ರಾಣೆಯವರ ತಂಡ ಟ್ಯಾಂಕ್‌ಗಳ ಪಕ್ಕ ಕಾಯುತ್ತಿತ್ತು. ಕೆಲಸ ಇನ್ನೂ ಶುರುವಾಗಿರಲಿಲ್ಲ, ಮೋರ್ಟಾರ್ ಶೆಲ್‌ಗಳು ಬಂದು ಬಿದ್ದವು. ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯವರೂ ಒಬ್ಬರು. ಅವರು ಆಸ್ಪತ್ರೆಗೆ ಹೋಗಲಿಲ್ಲ, ಉಳಿದವರನ್ನು ಸೇರಿಸಿಕೊಂಡು ಕೆಲಸಕ್ಕೆ ಇಳಿದರು. ಸಂಜೆ ನಾಲ್ಕೂವರೆ ಸುಮಾರಿಗೆ ಬರ್ವಾಲಿ ದಿಬ್ಬ ನಮ್ಮ ಕೈಗೆ ಬಂತು. ಅದನ್ನು ಗೆದ್ದದ್ದು ಕಾಲ್ದಳ, ಡೋಗ್ರಾ ರೆಜಿಮೆಂಟಿನ 4ನೇ ಬೆಟಾಲಿಯನ್. ಆ ಶ್ರೇಯಸ್ಸು ಅವರದೇ. ಸುತ್ತಮುತ್ತ ಎದುರಾಳಿಗಳು ಇನ್ನೂ ಇದ್ದಾರೆ ಅಂತ ಗೊತ್ತಿದ್ದೂ ರಾಣೆ ಮುಂದೆ ಹೋದರು. ಟ್ಯಾಂಕ್‌ಗಳಿಗೆ ಪಕ್ಕದಲ್ಲೇ ಬದಲಿ ದಾರಿ ಕಡಿಯತೊಡಗಿದರು. ರಾತ್ರಿ 10ರ ತನಕ ಅದೇ ಕೆಲಸ.

9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬದಲಿ ದಾರಿ ತಯಾರಾಯಿತು. ಎಲ್ಲಕ್ಕಿಂತ ಮುಂದಿನ ಗಾಡಿಯಲ್ಲಿ ತಾವೇ ಕುಳಿತರು. ಅರ್ಧ ಮೈಲಿ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡ ಪೈನ್ ಮರಗಳು. ಇಳಿದು ಸಿಡಿಮದ್ದು ಇಟ್ಟು ಹಾರಿಸಿದರು. ಮುನ್ನೂರು ಗಜ ದಾಟಿದರೆ ಮತ್ತದೇ. ಆಮೇಲೆ ಒಡೆದ ಮೋರಿ, ಅದರ ಮೇಲೆ ಮೆಷಿನ್‌ಗನ್ ಗುರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರಗಳ ಅಡ್ಡಗಟ್ಟೆ, ಸುತ್ತಲೂ ಮೈನ್. ರಾಣೆ ಮೈನ್ ತೆಗೆಯಲು ಕೈ ಹಾಕಿಯೇಬಿಟ್ಟರು. ಇವತ್ತಿಗೆ ಸಾಕು ಅಂತ ಟ್ಯಾಂಕ್ ಪಡೆಯ ಕಮಾಂಡರೇ ನಿಲ್ಲಿಸಬೇಕಾಯಿತು.

ಮರುದಿನ ಕೆಲಸ ಶುರು ಮಾಡಿದ ಹೊತ್ತಂತೂ ನೋಡಿ: ಬೆಳಗಿನ ಜಾವ 4.45. ಆರೂವರೆಗೆ ಆ ಅಡ್ಡಗಟ್ಟೆ ಹೋಯಿತು. ಮುಂದಿನ ಸಾವಿರ ಗಜ ಹತ್ತೂವರೆಗೆ ತೆರೆಯಿತು. ಮಧ್ಯಾಹ್ನ 2ಕ್ಕೆ ಟ್ಯಾಂಕ್‌ಗಳು ತಾವಿ ನದಿಯ ಪಾತ್ರದಲ್ಲಿ ಇಳಿದು ರಾಜೌರಿ ದಾರಿಯ ಚಿಂಗಸ್ ತಲುಪಿದವು. ಬೇರೆಯವರಾಗಿದ್ದರೆ ಉಸ್ಸಪ್ಪಾ ಅಂತ ಕೂರುತ್ತಿದ್ದರು. ರಾಣೆ ಹಿಂದಿನಿಂದ ಬರುವ ಲಾರಿಗಳಿಗಾಗಿ ಊಟ, ವಿಶ್ರಾಂತಿ ಬಿಟ್ಟು ರಾತ್ರಿ 9ರವರೆಗೆ ರಸ್ತೆ ಮಾಡಿದರು. 11ರಂದು ಬೆಳಿಗ್ಗೆ 6ರಿಂದ ರಾತ್ರಿ 10. ಮರುದಿನ, 12ಕ್ಕೆ, ನಮ್ಮ ಸೇನೆ ರಾಜೌರಿಯಲ್ಲಿತ್ತು.

ರಾಣೆ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಜಗ್ಗಿ ಡ್ರೈವರ್‌ಗೆ ಸನ್ನೆ ಕೊಟ್ಟು ಮೈನ್‌ಗಳ ನಡುವೆ ಟ್ಯಾಂಕ್ ದಾಟಿಸಿದರು ಎನ್ನುವ ಕಥೆ ನೀವೂ ಕೇಳಿರಬಹುದು. ತುಂಬ ಪ್ರಸಿದ್ಧ ಕಥೆ. ಪದಕದ ಪತ್ರದಲ್ಲಿ ಅದಿಲ್ಲ. ಅದಿಲ್ಲದೆಯೂ ಏನೂ ಕಡಿಮೆಯಾಗುವುದಿಲ್ಲ. ಒಂದು ಕ್ಷಣದ ಆವೇಶದಲ್ಲಿ ಧೈರ್ಯ ಬರಬಹುದು. ಗಾಯವಾದ ಮೈಯಲ್ಲಿ ನಾಲ್ಕು ದಿನ, ಗುಂಡಿನ ಮಧ್ಯೆ, ಕೈ ನಡುಗದೆ ಮೈನ್ ಬಿಚ್ಚುವುದು ಬೇರೆ ಜಾತಿಯ ಧೈರ್ಯ. ನನ್ನ ಮಟ್ಟಿಗೆ ಇದೇ ದೊಡ್ಡದು.

ಬಾಕಿ ಜೀವನ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1918ರ ಜೂನ್ 26ರಂದು. ಕೊಂಕಣಿ ಮನೆತನ, ಊರು ಕಾರವಾರದ ಪಕ್ಕದ ಚೆಂಡಿಯಾ. ಅಪ್ಪ ಪೊಲೀಸ್ ಕಾನ್‌ಸ್ಟೇಬಲ್. ಹಾಗಾಗಿ ವರ್ಗಾವರ್ಗಿಯಲ್ಲಿ ಶಾಲೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಕಾಲ. ಹುಡುಗನೂ ಚಳವಳಿಯ ಕಡೆ ವಾಲಿದ. ಪೊಲೀಸ್ ಅಪ್ಪನಿಗೆ ದಿಗಿಲಾಗದೆ ಇರುತ್ತದೆಯೇ? ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದರು. ಅದೇ ಹುಡುಗ ಹತ್ತು ವರ್ಷದ ಮೇಲೆ, 1940ರ ಜುಲೈನಲ್ಲಿ, ಬ್ರಿಟಿಷರ ಸೈನ್ಯಕ್ಕೆ ಸಾಮಾನ್ಯ ಸೈನಿಕನಾಗಿ ಸೇರಿದ!

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್‌ಗೆ ಕಳಿಸಿದರು. ಸೈನ್ಯ ಹಿಂದೆ ಸರಿಯುವಾಗ ಬುಥಿಡೌಂಗ್‌ನಲ್ಲಿ ಮುಖ್ಯವಾದ ವಸ್ತುಗಳು ಜಪಾನಿಯರಿಗೆ ಸಿಗದಂತೆ ನಾಶ ಮಾಡಲು ರಾಣೆಯವರ ತಂಡವನ್ನು ಹಿಂದೆ ಬಿಟ್ಟರು. ನೌಕಾಪಡೆ ಬಂದು ಕರೆದೊಯ್ಯಬೇಕಿತ್ತು, ಅದಾಗಲಿಲ್ಲ. ಜಪಾನಿಯರು ಗಸ್ತು ತಿರುಗುತ್ತಿದ್ದ ನದಿಯನ್ನು ತಾವೇ ದಾಟಿ ತಮ್ಮ ಡಿವಿಷನ್ ಸೇರಿಕೊಂಡರು. ಅಲ್ಲಿಯೇ ಹವಾಲ್ದಾರ್ ಆದರು. ಅಧಿಕಾರಿಯಾದದ್ದು 1947ರ ಡಿಸೆಂಬರ್ 15ಕ್ಕೆ. ಅಂದರೆ ರಾಜೌರಿ ರಸ್ತೆಯಲ್ಲಿ ಅವರು ನಾಲ್ಕು ತಿಂಗಳೂ ತುಂಬದ ಸೆಕೆಂಡ್ ಲೆಫ್ಟಿನೆಂಟ್. ಆದರೆ ಕೆಲಸದಲ್ಲಿ ಪಳಗಿದ ಹಳೆಯ ಕೈ.

ಪರಮವೀರ ಚಕ್ರ ಸತ್ತವರಿಗೆ ಮಾತ್ರ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. 1947–48ರ ಯುದ್ಧಕ್ಕೆ ಐವರಿಗೆ ಅದು ಸಿಕ್ಕಿತು. ಅದನ್ನು ಜೀವಂತ ಪಡೆದವರು ರಾಣೆ ಮತ್ತು ಕರಂ ಸಿಂಗ್. ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಒಂದು ತೈಲ ಹಡಗಿಗೂ, 2023ರಲ್ಲಿ ಅಂಡಮಾನ್‌ನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟಿದ್ದಾರೆ. ನೀವು ನೋಡಿದ ಪ್ರತಿಮೆ 2006ರದು. ಮುಂದಿನ ಸಲ ಬಂದರೆ ಅಂಕೋಲೆ ಕಡೆಯ ಹೆದ್ದಾರಿಯಲ್ಲಿ ಚೆಂಡಿಯಾಕ್ಕೂ ಹೋಗಿ ಬನ್ನಿ. ಹೆಚ್ಚು ದೂರವೇನಿಲ್ಲ, ಅಲ್ಲೇ ನಾಗರಮಡಿ ಜಲಪಾತವೂ ಇದೆ.