ಜೋರ್ಡಾನ್‌ನಲ್ಲಿ ಸ್ವಯಂಸೇವಕಿಯಾಗಿದ್ದರೆ ಅರೇಬಿಕ್ ತಾನಾಗಿಯೇ ಬರುತ್ತದೆಯೇ?

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದೀರಿ, ಒಂದು ವರ್ಷ ಜೋರ್ಡಾನ್‌ನಲ್ಲಿ ಸ್ವಯಂಸೇವೆ ಮಾಡುತ್ತಾ ಅರೇಬಿಕ್ ಕಲಿಯುವ ಆಸೆ ಇದೆ. ಅಲ್ಲಿದ್ದರೆ ಭಾಷೆ ತಾನಾಗಿಯೇ ಬರುತ್ತದೆಯೇ, ಸಸ್ಯಾಹಾರಿಯಾದ ಒಂಟಿ ಹುಡುಗಿಗೆ ಅಲ್ಲಿನ ರೀತಿನೀತಿ ಕಷ್ಟವಾಗುತ್ತದೆಯೇ, ಹಣ ಕಟ್ಟಿಸಿಕೊಂಡು ಎಲ್ಲ ವ್ಯವಸ್ಥೆ ಮಾಡಿಕೊಡುತ್ತೇವೆ ಎನ್ನುವ ಕಂಪನಿಯನ್ನು ನಂಬಬಹುದೇ?

ಭಾಷೆ ತಾನಾಗಿಯೇ ಬರುವುದಿಲ್ಲ. ವರ್ಷಗಟ್ಟಲೆ ರಾಜಧಾನಿ ಅಮ್ಮಾನ್‌ನಲ್ಲಿದ್ದೂ "ಶುಕ್ರನ್", "ಯಲ್ಲಾ" (ಧನ್ಯವಾದ, ನಡಿ) ಎಂಬೆರಡು ಮಾತುಗಳಾಚೆ ದಾಟದ ಸ್ವಯಂಸೇವಕರನ್ನು ನಾನು ಕಂಡಿದ್ದೇನೆ. ಅವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಅವರ ಕೆಲಸ ಬೆಳಗಿನಿಂದ ಸಂಜೆಯವರೆಗೆ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ವಿದೇಶದಿಂದ ಬಂದವರಿಗೆ ಸಂಸ್ಥೆಗಳು ಮೊದಲು ಕೊಡುವ ಕೆಲಸವೇ ಇಂಗ್ಲಿಷ್ ಪಾಠ. ಮಕ್ಕಳು ನಿಮ್ಮ ಮೇಲೆ ಇಂಗ್ಲಿಷ್ ಪ್ರಯೋಗಿಸುತ್ತಾರೆ, ಸಹೋದ್ಯೋಗಿಗಳೂ ಅದನ್ನೇ ಮಾಡುತ್ತಾರೆ, ಸಂಜೆ ಇತರ ಸ್ವಯಂಸೇವಕರೊಂದಿಗೆ ಮತ್ತೆ ಇಂಗ್ಲಿಷೇ. ಹೀಗಿದ್ದರೆ ಅಮ್ಮಾನ್‌ನಲ್ಲಿದ್ದರೂ ಒಂದೇ, ಕುವೆಂಪುನಗರದಲ್ಲಿದ್ದರೂ ಒಂದೇ.

ನಾನಿದ್ದದ್ದು ಅಮ್ಮಾನ್‌ನ ಪೂರ್ವ ಭಾಗದಲ್ಲಿ, ವಹ್ದಾತ್ ಶಿಬಿರಕ್ಕೆ ಹತ್ತಿರದ ಒಂದು ಸಮುದಾಯ ಕೇಂದ್ರದಲ್ಲಿ. ಶಿಬಿರ ಎಂದೊಡನೆ ಡೇರೆಗಳನ್ನು ಕಲ್ಪಿಸಿಕೊಳ್ಳಬೇಡಿ. 1955ರಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರಿಗಾಗಿ ಆರಂಭವಾದ ವಹ್ದಾತ್ ಈಗ ಇಕ್ಕಟ್ಟಾದ ಗಲ್ಲಿಗಳ, ದೊಡ್ಡ ಮಾರುಕಟ್ಟೆಯ, ದೇಶದಲ್ಲೆಲ್ಲ ಹೆಸರಾದ ಫುಟ್‌ಬಾಲ್ ತಂಡದ ಬಡಾವಣೆ. ಅಲ್ಲಿ ನನಗೂ ಇಂಗ್ಲಿಷ್ ತರಗತಿಯನ್ನೇ ಕೊಟ್ಟರು. ಅದನ್ನು ಸಂಜೆಗೆ ಇಟ್ಟುಕೊಂಡು, ಬೆಳಗ್ಗೆ ಅಡುಗೆಮನೆಯಲ್ಲಿ ಕೆಲಸ ಕೊಡಿ ಎಂದು ಕೇಳಿಕೊಂಡೆ. ಅಡುಗೆಮನೆಯ ಹೆಂಗಸರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಕಲಿತ ಅರೇಬಿಕ್‌ನ ಮುಕ್ಕಾಲು ಪಾಲು ಅಲ್ಲಿಯದೇ.

ದ್ರಾಕ್ಷಿ ಎಲೆ ಸುತ್ತುವ ಕೆಲಸವನ್ನೇ ತೆಗೆದುಕೊಳ್ಳಿ. ಕುದಿನೀರಿನಲ್ಲಿ ಅದ್ದಿ ಮೆತ್ತಗಾದ ಎಲೆಯನ್ನು ನರ ಮೇಲೆ ಬರುವಂತೆ, ಹೊಳಪಿನ ಬದಿ ಕೆಳಗಾಗುವಂತೆ ಹರಡಬೇಕು. ತೊಟ್ಟು ಚಿವುಟಬೇಕು. ಅಕ್ಕಿಯ ಮಿಶ್ರಣವನ್ನು ಒಂದು ಗೆರೆಯಷ್ಟೇ ಇಟ್ಟು, ಎರಡೂ ಬದಿ ಒಳಕ್ಕೆ ಮಡಚಿ, ಕಿರುಬೆರಳಿನ ಗಾತ್ರಕ್ಕೆ ಬಿಗಿಯಾಗಿ ಸುರುಳಿ ಸುತ್ತಬೇಕು. ಬಿಗಿ ಹೆಚ್ಚಾದರೆ ಅಕ್ಕಿ ಅರಳಿದಾಗ ಎಲೆ ಒಡೆಯುತ್ತದೆ, ಸಡಿಲವಾದರೆ ಪಾತ್ರೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಐದಾರು ಹೆಂಗಸರು ದೊಡ್ಡ ತಟ್ಟೆಯ ಸುತ್ತ ಕೂತು ಗಂಟೆಗಟ್ಟಲೆ ಸುತ್ತುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. "ಹಾತಿ" ಎಂದರೆ ಕೊಡು, "ಕಮಾನ್" ಎಂದರೆ ಇನ್ನಷ್ಟು, "ಖಲಸ್" ಎಂದರೆ ಸಾಕು. ಇಂಥ ಮಾತುಗಳು ಪುಸ್ತಕದಿಂದ ಬರುವ ಮೊದಲೇ ಕೈಯಿಂದ ಬರುತ್ತವೆ. ಸೊಸೆಯ ದೂರು, ಟೊಮೆಟೊ ಬೆಲೆ, ನೀರು ಬಾರದ ಸಂಕಟ, ಯಾರದೋ ಮದುವೆ, ಎಲ್ಲವೂ ಅದೇ ತಟ್ಟೆಯ ಮೇಲೆ ಹಾದುಹೋಗುತ್ತವೆ. ಅರ್ಥವಾಗದಿದ್ದರೂ ಎದ್ದು ಹೋಗುವಂತಿಲ್ಲ, ಎಲೆ ಇನ್ನೂ ಉಳಿದಿರುತ್ತದೆ.

ಯಾವ ಅರೇಬಿಕ್ ಕಲಿಯಬೇಕು ಎಂದು ನೀವು ಕೇಳಿಲ್ಲ, ಆದರೆ ಮೊದಲ ವಾರದಲ್ಲೇ ಅದು ಎದುರಾಗುತ್ತದೆ. ಪುಸ್ತಕ, ಪತ್ರಿಕೆ, ವಾರ್ತೆಗಳದ್ದು ಫುಸ್‌ಹಾ. ಮನೆ, ಬೀದಿ, ಬಸ್ಸಿನದ್ದು ಆಮ್ಮಿಯಾ. ಜೋರ್ಡಾನ್‌ನಲ್ಲಿ ಅದು ಸಿರಿಯಾ, ಲೆಬನಾನ್, ಪ್ಯಾಲೆಸ್ಟೀನ್‌ಗಳ ಆಡುಮಾತಿನ ಬಳಗಕ್ಕೆ ಸೇರಿದ್ದು. "ನಿನಗೆ ಏನು ಬೇಕು" ಎಂದು ಹೆಣ್ಣುಮಗಳನ್ನು ಕೇಳಲು ಪುಸ್ತಕ "ಮಾದಾ ತುರೀದೀನ್" ಎನ್ನುತ್ತದೆ, ಅಂಗಡಿಯವನು "ಶೂ ಬಿದ್ದಿಕ್" ಎನ್ನುತ್ತಾನೆ. ನೀವು ಫುಸ್‌ಹಾದಲ್ಲಿ ಮಾತನಾಡಿದರೂ ಎಲ್ಲರಿಗೂ ತಿಳಿಯುತ್ತದೆ. ತರಕಾರಿ ಅಂಗಡಿಯಲ್ಲಿ ಆಕಾಶವಾಣಿಯ ವಾರ್ತೆ ಓದಿದಂತೆ ಇರುತ್ತದೆ, ಅಷ್ಟೇ. ತೊಡಕಿರುವುದು ಅವರ ಉತ್ತರದಲ್ಲಿ, ಅದು ಆಮ್ಮಿಯಾದಲ್ಲೇ ಬರುತ್ತದೆ. ಕಾಫಿಯನ್ನು ಅಮ್ಮಾನ್‌ನ ಹೆಂಗಸರು ಹೆಚ್ಚಾಗಿ "ಅಹ್ವೆ" ಎಂದರೆ, ಹಲವು ಗಂಡಸರು ಮತ್ತು ಮರುಭೂಮಿಯ ಅಲೆಮಾರಿ ಮೂಲದ ಬೆದುಯಿನ್ ಮನೆತನದವರು "ಗಹ್ವೆ" ಎನ್ನುತ್ತಾರೆ. ಯಾರಿಂದ ಕಲಿಯುತ್ತೀರೋ ಅವರ ಉಚ್ಚಾರಣೆ ನಿಮಗೆ ಅಂಟುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಲಿಪಿ ಮತ್ತು ಫುಸ್‌ಹಾದ ಬುನಾದಿಯನ್ನು ಮೈಸೂರಿನಲ್ಲೇ ಮುಗಿಸಿ ಹೊರಡಿ, ಅಲ್ಲಿ ಕಿವಿಯನ್ನು ಆಮ್ಮಿಯಾಗೆ ಬಿಡಿ. ಜೊತೆಗೆ ಒಂದು ತರಗತಿಗೆ ಸೇರಿ. ಜೋರ್ಡಾನ್ ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ವಿದೇಶಿಯರಿಗೆ ಅರೇಬಿಕ್ ಕಲಿಸುತ್ತಾರೆ, ಖಾಸಗಿ ಶಾಲೆಗಳೂ ಹಲವಿವೆ. ತರಗತಿ ಇಲ್ಲದಿದ್ದರೆ ಅಡುಗೆಮನೆಯಲ್ಲಿ ಕೇಳಿದ್ದಕ್ಕೆ ಕಟ್ಟು ಸಿಗುವುದಿಲ್ಲ. ಖುಬ್ಜ್ ಎಂದರೆ ರೊಟ್ಟಿ, ಖಬ್ಬಾಜ್ ರೊಟ್ಟಿ ಸುಡುವವನು, ಮಖ್ಬಜ್ ರೊಟ್ಟಿಯಂಗಡಿ. ಅದೇ ಅಚ್ಚಿನಲ್ಲಿ ತಬ್ಬಾಖ್ ಅಡುಗೆಯವನು, ಮತ್ಬಖ್ ಅಡುಗೆಮನೆ. ಮೂರು ವ್ಯಂಜನಗಳ ಧಾತು ಮತ್ತು ಅಚ್ಚುಗಳ ಈ ಲೆಕ್ಕ ಒಮ್ಮೆ ಹಿಡಿದರೆ, ಕೇಳದ ಪದವನ್ನೂ ಊಹಿಸಬಹುದು.

ಕನ್ನಡದವರಿಗೆ ಇಲ್ಲಿ ಸ್ವಲ್ಪ ಅನುಕೂಲವೂ ಇದೆ. ಹಳಿ ಮತ್ತು ಹಳ್ಳಿಯ ವ್ಯತ್ಯಾಸ ಹುಟ್ಟಿನಿಂದ ಗೊತ್ತಿರುವ ನಮಗೆ ಹಮಾಮ್ ಪಾರಿವಾಳ, ಹಮ್ಮಾಮ್ ಸ್ನಾನದ ಮನೆ ಎಂಬುದು ಗೊಂದಲವೇ ಅಲ್ಲ. ನನ್ನ ಜೊತೆ ಕಲಿಯುತ್ತಿದ್ದ ಯುರೋಪಿನವರು ಅದರಲ್ಲಿ ಒದ್ದಾಡುತ್ತಿದ್ದರು. ಹಳೆಗಾಲದ ಕಚೇರಿ ಕನ್ನಡದ ಅರ್ಜಿ, ವಕೀಲ, ಕಾನೂನುಗಳ ಮೂಲ ಅರೇಬಿಕ್ ಆದ್ದರಿಂದ ಅವೂ ಒದಗಿ ಬರುತ್ತವೆ. ತೊಂದರೆ ಕೊಡುವುದು ಗಂಟಲಿನಿಂದ ಬರುವ ಅಕ್ಷರಗಳು, ಮತ್ತು ದಪ್ಪ ತಕಾರವನ್ನು ನಮ್ಮ ಟಕಾರವಾಗಿಸುವ ಚಾಳಿ. ಇನ್ನೊಂದು, ಎದುರಿಗಿರುವವರು ಗಂಡೋ ಹೆಣ್ಣೋ ಎಂಬುದರ ಮೇಲೆ ಕ್ರಿಯಾಪದ ಬದಲಾಗುತ್ತದೆ. "ಬಾ" ಎನ್ನಲು ಹುಡುಗನಿಗೆ ತಆಲ್, ಹುಡುಗಿಗೆ ತಆಲಿ.

ಹಿರಿಯರನ್ನು ಏಕವಚನದಲ್ಲಿ ಕರೆಯಬೇಕಲ್ಲ ಎಂದು ನನಗೆ ಮೊದಮೊದಲು ನಾಲಿಗೆ ತಡೆಯುತ್ತಿತ್ತು. ಅಲ್ಲಿ ಗೌರವವನ್ನು ಸಂಬೋಧನೆ ಹೊರುತ್ತದೆ. ಮಗನ ಹೆಸರು ಖಾಲಿದ್ ಆದರೆ ತಾಯಿ ಉಮ್ಮ್ ಖಾಲಿದ್, ತಂದೆ ಅಬು ಖಾಲಿದ್. ಗುರುತಿಲ್ಲದ ಹಿರಿಯಳು ಹಜ್ಜೆ ಅಥವಾ ಖಾಲ್ತೋ, ಹಿರಿಯ ಅಮ್ಮೋ. ತಾಯಿ ತನ್ನ ಮಗುವನ್ನೇ "ಮಾಮಾ" ಎಂದು, ತಂದೆ "ಬಾಬಾ" ಎಂದು ಕರೆಯುವುದನ್ನು ಕೇಳಿ ಇತರ ವಿದೇಶಿಯರು ಬೆರಗಾಗುತ್ತಾರೆ. ಮಗುವಿಗೆ "ಬಾರಪ್ಪಾ", "ಬಾರಮ್ಮಾ" ಎನ್ನುವ ನಮಗೆ ಅದರಲ್ಲೇನು ಹೊಸತು?

ರೀತಿನೀತಿಗಳಲ್ಲಿ ಮೊದಲು ಬೇಕಾದದ್ದು ಜೋಡಿ ಮಾತುಗಳು. ಪ್ರತಿ ಸಂದರ್ಭಕ್ಕೂ ಒಂದು ಹಾರೈಕೆ, ಅದಕ್ಕೊಂದು ನಿಗದಿತ ಉತ್ತರ. ಕೆಲಸದಲ್ಲಿರುವವರನ್ನು ದಾಟಿಹೋಗುವಾಗ "ಯಆತೀಕ್ ಅಲ್-ಆಫ್ಯೆ", ಉತ್ತರ "ಅಲ್ಲಾ ಯಆಫೀಕ್". ಊಟಕ್ಕೆ ಕೂತವರಿಗೆ "ಸಹ್ತೇನ್", ಉತ್ತರ "ಅಲಾ ಅಲ್ಬಕ್". ಸ್ನಾನ ಮಾಡಿ ಅಥವಾ ಕೂದಲು ಕತ್ತರಿಸಿಕೊಂಡು ಬಂದವರಿಗೆ "ನಈಮನ್". ಇಂಥ ಹತ್ತಿಪ್ಪತ್ತು ಜೋಡಿ ಬಂದರೆ, ವ್ಯಾಕರಣ ಕುಂಟುತ್ತಿದ್ದರೂ ಜನ ನಿಮ್ಮನ್ನು ಒಳಗೆ ಕರೆಯುತ್ತಾರೆ. ವ್ಯಾಕರಣವಷ್ಟೇ ಬಂದು ಇವು ಬಾರದಿದ್ದರೆ ಬಾಗಿಲಲ್ಲೇ ನಿಲ್ಲುತ್ತೀರಿ.

ಟ್ಯಾಕ್ಸಿಯವನು, ಅಂಗಡಿಯವನು "ಖಲ್ಲೀಹಾ ಅಲೇನಾ", ಅಂದರೆ ಇರಲಿ ಬಿಡಿ ಎನ್ನುತ್ತಾನೆ. ಅದು ಸೌಜನ್ಯ, ಹಣ ಕೊಡಲೇಬೇಕು. ಊಟಕ್ಕೆ ಕರೆದರೆ ಮೊದಲ ಬಾರಿ ಬೇಡ ಎನ್ನಿ. ಮತ್ತೆ ಮತ್ತೆ ಕರೆದರೆ ಅದು ನಿಜವಾದ ಕರೆ. ಯಾರದೇ ಮನೆಯಲ್ಲಿ ಒಂದು ವಸ್ತುವನ್ನು ತುಂಬ ಹೊಗಳಬೇಡಿ, "ಇದು ನಿನ್ನದೇ" ಎಂದು ಮುಂದೆ ಚಾಚಿಯಾರು. ಗಂಡಸರು ಕೈ ಚಾಚುವವರೆಗೆ ನೀವು ಚಾಚಬೇಡಿ, ಎದೆಯ ಮೇಲೆ ಕೈಯಿಟ್ಟರೆ ಸಾಕು. ರಂಜಾನ್‌ನಲ್ಲಿ ಹಗಲು ಬೀದಿಯಲ್ಲಿ ತಿನ್ನುವುದು, ಕುಡಿಯುವುದು, ಸಿಗರೇಟು ಸೇದುವುದು ಬರೀ ಅಸಭ್ಯವಲ್ಲ, ಕಾನೂನಿನಲ್ಲೂ ತಪ್ಪು.

ಕಾಫಿಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಹಿ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ತಳ ಮುಚ್ಚುವಷ್ಟು ಸುರಿಯುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಸುಮ್ಮನೆ ಹಿಂದಿರುಗಿಸಿದರೆ ಮತ್ತೆ ತುಂಬಿ ಕೊಡುತ್ತಾರೆ. ಸಾಕಾದರೆ ಬಟ್ಟಲನ್ನು ಅತ್ತಿತ್ತ ಮೆಲ್ಲಗೆ ಅಲುಗಿಸಿ ಕೊಡಬೇಕು. ಹೆಣ್ಣು ಕೇಳಲು ಗಂಡಿನ ಕಡೆಯ ಹಿರಿಯರು ಗುಂಪಾಗಿ ಹೋಗುವುದಕ್ಕೆ ಜಾಹಾ ಎನ್ನುತ್ತಾರೆ. ಅಲ್ಲಿ ಗಂಡಿನ ಕಡೆಯ ಹಿರಿಯ ಕಾಫಿ ಕುಡಿಯದೆ ಬಟ್ಟಲನ್ನು ಮುಂದಿಡುತ್ತಾನೆ. ಹೆಣ್ಣಿನ ಕಡೆಯವರು "ನಿಮ್ಮ ಕಾಫಿ ಕುಡಿಯಿರಿ" ಎಂದರೆ ಒಪ್ಪಿದರು ಎಂದರ್ಥ. ನಮ್ಮಲ್ಲಿ ತಾಂಬೂಲಕ್ಕಿರುವ ತೂಕ ಅಲ್ಲಿ ಆ ಬಟ್ಟಲಿಗಿದೆ. ಇಂಥ ಕಡೆ ನಿಮ್ಮನ್ನು ಕರೆದರೆ, ಎಲ್ಲರೂ ಕುಡಿಯುವವರೆಗೆ ಕಾಯಿರಿ.

ಸಸ್ಯಾಹಾರಕ್ಕೆ ಹೆದರಬೇಡಿ. ಕಡಲೆ ಅರೆದು ಮಾಡುವ ಹಮ್ಮುಸ್, ವಡೆಯಂಥ ಫಲಾಫೆಲ್, ಕಾಳು ಬೇಯಿಸಿದ ಫೂಲ್, ಟೊಮೆಟೊ ಬೇಯಿಸಿದ ಗಲಾಯೆ, ಬೇಳೆ ಅನ್ನದ ಮುಜದ್ದರಾ, ಜಾತರ್ ಎಂಬ ಒಣಸೊಪ್ಪಿನ ಪುಡಿ ಹಚ್ಚಿದ ರೊಟ್ಟಿ, ಎಲ್ಲವೂ ಅಗ್ಗ, ಎಲ್ಲೆಡೆ ಸಿಗುತ್ತವೆ. ಆದರೆ "ಲಹ್ಮೆ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಕೋಳಿ ಬಡಿಸುತ್ತಾರೆ, ಏಕೆಂದರೆ ಆ ಮಾತಿನಲ್ಲಿ ಕೋಳಿ ಮಾಂಸವೆಂದು ಎಣಿಕೆಯಾಗುವುದಿಲ್ಲ. "ದ್ಜಾಜ್" ಕೂಡ ಇಲ್ಲ ಎಂದು ಸೇರಿಸಿ, ಸಾರು ಯಾವುದರಿಂದ ಮಾಡಿದ್ದು ಎಂದು ಕೇಳಿ. ಕಷ್ಟ ಬರುವುದು ಮನ್ಸಫ್ ದಿನ. ಒಣಗಿಸಿದ ಮೊಸರು ಜಮೀದ್ ಕರಗಿಸಿ ಕುರಿಮಾಂಸ ಬೇಯಿಸಿ ಅನ್ನದ ಮೇಲೆ ಸುರಿಯುವ ಈ ಊಟ ಜೋರ್ಡಾನಿಗರ ಮಾನದ ಪ್ರಶ್ನೆ. 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನನ್ನ ಉಪಾಯವೆಂದರೆ ಕರೆದಾಗಲೇ ಹೇಳಿಬಿಡುವುದು. ತಟ್ಟೆಯ ಮುಂದೆ ಕೂತು ಹೇಳಿದರೆ ಮನೆಯಾಕೆಗೆ ಮುಜುಗರ, ನಿಮಗೂ ಮುಜುಗರ.

ಯುರೋಪಿನವರು ಬರೆದ ಕೈಪಿಡಿಗಳಲ್ಲಿ ಸಿಗದ ಒಂದು ವಿಷಯವಿದೆ. ಅಮ್ಮಾನ್‌ನ ಅನುಕೂಲಸ್ಥ ಮನೆಗಳಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಫಿಲಿಪೈನ್ಸ್‌ನ ಹೆಂಗಸರು ಮನೆಗೆಲಸಕ್ಕಿರುತ್ತಾರೆ. ಕಂದು ಬಣ್ಣದ ಹುಡುಗಿ ಒಬ್ಬಳೇ ಹೋಗುತ್ತಿದ್ದರೆ "ಯಾವ ಮೇಡಂ ಮನೆಯಲ್ಲಿದ್ದೀಯ" ಎಂಬ ಪ್ರಶ್ನೆ ಬರುತ್ತದೆ. ಅದೇ ಬೀದಿಯಲ್ಲಿ ನಿಮ್ಮ ಜರ್ಮನ್ ಗೆಳತಿಗೆ "ನಮ್ಮ ದೇಶಕ್ಕೆ ಸ್ವಾಗತ" ಎನ್ನುತ್ತಾರೆ. ಕೋಪ ಬರುತ್ತದೆ, ಬರಲಿ. ಆದರೆ "ನಾನು ಕೆಲಸದವಳಲ್ಲ" ಎಂದು ಸಿಡುಕಿ ಹೇಳುವಾಗ ಯಾರನ್ನು ಕೆಳಗಿಡುತ್ತಿದ್ದೇವೆ ಎಂದೂ ಯೋಚಿಸಬೇಕು. ನಾನು ಅಲ್ಲಿ ಕಂಡ ವಿದೇಶಿಯರಲ್ಲಿ ಎಲ್ಲರಿಗಿಂತ ಸಲೀಸಾಗಿ ಅರೇಬಿಕ್ ಆಡುತ್ತಿದ್ದವರು ಆ ಶ್ರೀಲಂಕಾದ ಹೆಂಗಸರು. ತರಗತಿ ಇಲ್ಲ, ಪುಸ್ತಕ ಇಲ್ಲ, ಬೇರೆ ದಾರಿಯೂ ಇಲ್ಲ. ಆ ದಾರಿ ಯಾರಿಗೂ ಬೇಡ, ಆದರೆ ಕೆಲಸ ನಡೆಯುವ ಭಾಷೆಯೇ ನಾಲಿಗೆಗೆ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಒಂಟಿ ಹುಡುಗಿಗೆ ಹಗಲಿನಲ್ಲಿ ಹೆದರುವಂಥದ್ದೇನೂ ನನಗೆ ಕಾಣಲಿಲ್ಲ. ಪೂರ್ವ ಅಮ್ಮಾನ್‌ನಲ್ಲಿ ತೋಳು, ಕಾಲು ಮುಚ್ಚುವ ಸಡಿಲ ಬಟ್ಟೆ ಇರಲಿ, ಟ್ಯಾಕ್ಸಿಯಲ್ಲಿ ಹಿಂದಿನ ಸೀಟಿನಲ್ಲಿ ಕೂರಿ. ಮದುವೆಯಾಗಿದೆಯೇ, ಧರ್ಮ ಯಾವುದು, ಹಸುವನ್ನು ಪೂಜಿಸುತ್ತೀರಂತೆ ಹೌದೇ ಎಂದು ಮೊದಲ ಭೇಟಿಯಲ್ಲೇ ಕೇಳುತ್ತಾರೆ. ನಮ್ಮ ಬಸ್ಸಿನಲ್ಲಿ ಜಾತಿ, ಸಂಬಳ ಕೇಳುವುದಿಲ್ಲವೇ? ರಾಜಮನೆತನದ ಬಗ್ಗೆ ಹಗುರವಾಗಿ ಮಾತನಾಡಬೇಡಿ. ವಹ್ದಾತ್ ತಂಡವೋ ಫೈಸಲಿ ತಂಡವೋ ಎಂಬ ಪ್ರಶ್ನೆ ಬರೀ ಫುಟ್‌ಬಾಲಿನದ್ದಲ್ಲ, ಪ್ಯಾಲೆಸ್ಟೀನ್ ಮೂಲದವರು ಮತ್ತು ಜೋರ್ಡಾನ್ ಮೂಲದವರು ಎಂಬ ಗೆರೆ ಅದರ ಕೆಳಗಿದೆ. ನಗುತ್ತಾ ಜಾರಿಕೊಳ್ಳಿ.

ದಿನಬಳಕೆಯದ್ದು ಎರಡು ಮಾತಿನಲ್ಲಿ: ನೀರು ಸಾಮಾನ್ಯವಾಗಿ ವಾರಕ್ಕೊಮ್ಮೆ ಬರುತ್ತದೆ, ಉಳಿದ ದಿನ ತಾರಸಿಯ ಟ್ಯಾಂಕೇ ಗತಿ. ಚಳಿಗಾಲದಲ್ಲಿ ಕಲ್ಲಿನ ಮನೆ ಕೊರೆಯುತ್ತದೆ, ಕೆಲವೊಮ್ಮೆ ಹಿಮವೂ ಬೀಳುತ್ತದೆ. ಗ್ಯಾಸ್ ಹೀಟರ್ ಉರಿಸುವಾಗ ಕಿಟಕಿ ಸ್ವಲ್ಪ ತೆರೆದಿರಲಿ. ಒಂದು ದಿನಾರ್ ನೂರು ರೂಪಾಯಿಗೂ ಹೆಚ್ಚು, ಲೆಕ್ಕ ಹಾಕಿಯೇ ಹೋಗಿ.

ಇನ್ನು ಆ ಕಂಪನಿ. ಊಟ, ವಸತಿಯ ನಿಜವಾದ ಖರ್ಚು ಕೇಳಿದರೆ ತಪ್ಪಿಲ್ಲ. ಅದರ ಮೇಲೆ "ಸೇವಾ ಅನುಭವ" ಎಂದು ದೊಡ್ಡ ಮೊತ್ತ ಕೇಳಿದರೆ ಅವರು ಮಾರುತ್ತಿರುವುದು ಪ್ರವಾಸ. ಜಾತರಿ ಶಿಬಿರದಲ್ಲಿ ಕೆಲಸ ಕೊಡಿಸುತ್ತೇವೆ ಎಂದರೆ ಇನ್ನೂ ಹುಷಾರಾಗಿರಿ. 2012ರಲ್ಲಿ ಸಿರಿಯಾದವರಿಗಾಗಿ ತೆರೆದ ಆ ಶಿಬಿರಕ್ಕೆ ಸರ್ಕಾರದ ಅನುಮತಿ ಇಲ್ಲದೆ ಪ್ರವೇಶವಿಲ್ಲ. ಸಿರಿಯಾದ ನಿರಾಶ್ರಿತರಲ್ಲಿ ಹೆಚ್ಚಿನವರು ಇರುವುದೂ ಶಿಬಿರಗಳಲ್ಲಲ್ಲ, ಊರುಗಳ ಬಾಡಿಗೆ ಮನೆಗಳಲ್ಲಿ. ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯಲ್ಲಿ ಹಣ ಕೇಳುವುದಿಲ್ಲ, ತಿಂಗಳ ಭತ್ಯೆಯನ್ನೇ ಕೊಡುತ್ತಾರೆ, ಆದರೆ ಪೈಪೋಟಿ ಹೆಚ್ಚು. ಇಸಿಆರ್ (ವಲಸೆ ತಪಾಸಣೆ ಕಡ್ಡಾಯವಾದ) ಪಾಸ್‌ಪೋರ್ಟಿನವರು ಉದ್ಯೋಗಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕಾದ ದೇಶಗಳಲ್ಲಿ ಜೋರ್ಡಾನ್ ಒಂದು. ನೀವು ಪದವೀಧರೆ, ನಿಮಗೆ ಆ ತೊಡಕಿಲ್ಲ. ಆದರೂ ಯಾವ ವೀಸಾ, ಯಾವ ಅನುಮತಿ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದುಕೊಂಡು ಜೋರ್ಡಾನ್ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಸಂಸ್ಥೆಗೆ ಪತ್ರ ಬರೆಯುವಾಗ ಇದನ್ನೂ ಕೇಳಿ: ದಿನದಲ್ಲಿ ಎಷ್ಟು ಹೊತ್ತು ಅರೇಬಿಕ್ ಮಾತ್ರ ಬಲ್ಲವರ ಜೊತೆ ನನಗೆ ಕೆಲಸವಿರುತ್ತದೆ? "ಚಿಂತೆ ಬೇಡ, ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ" ಎಂಬ ಉತ್ತರ ಬಂದರೆ ಬೇರೆ ಸಂಸ್ಥೆ ಹುಡುಕಿ.