ಮಕ್ಕಳಿಗೆ ಪೂರ್ತಿ ಸಿನಿಮಾ ತೋರಿಸಲು ಸರಿಯಾದ ವಯಸ್ಸು ಯಾವುದು?

ಮನೆಯಲ್ಲಾದರೆ ನಾಲ್ಕು ವರ್ಷದ ಹೊತ್ತಿಗೆ ಶುರು ಮಾಡಬಹುದು, ಥಿಯೇಟರಿಗೆ ಐದಾರು ವರ್ಷವಾಗಲಿ. 2ರಿಂದ 4 ವರ್ಷದವರು ಟಿವಿ, ಮೊಬೈಲ್ ತೆರೆ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹಾಗಾಗಿ ನಾಲ್ಕರ ಮಗುವಿಗೆ 80 ನಿಮಿಷದ ಚಿತ್ರವನ್ನೂ ಎರಡು ದಿನಕ್ಕೆ ಹಂಚಿ ತೋರಿಸಿ.

ವಯಸ್ಸಿಗಿಂತ ನಂಬಬೇಕಾದ್ದು ಇದನ್ನು: 20 ನಿಮಿಷದ ಕಾರ್ಟೂನ್ ಮುಗಿದ ಮೇಲೆ ‘ಏನಾಯ್ತು ಪುಟ್ಟಾ?’ ಎಂದು ಕೇಳಿ. ಮೊದಲು ಇದು, ಆಮೇಲೆ ಅದು ಎಂದು ಸಾಲಾಗಿ ಹೇಳಿದರೆ ಕಥೆ ಹಿಡಿಯುವ ಶಕ್ತಿ ಬಂದಿದೆ. ಬರೀ ಬಣ್ಣ, ಹಾಡು ನೆನಪಿದ್ದರೆ ಇನ್ನೂ ಆರು ತಿಂಗಳು ಕಾಯಿರಿ.

ಹೆಚ್ಚಿನವರು ಎಡವುವುದು ಉದ್ದದಲ್ಲಲ್ಲ, ಭಯದಲ್ಲಿ. ಈ ವಯಸ್ಸಿಗೆ ತೆರೆಯ ಮೇಲಿನದು ನಿಜವಲ್ಲ ಎಂಬುದು ಗಟ್ಟಿಯಾಗಿ ಗೊತ್ತಿರುವುದಿಲ್ಲ. ಅಮ್ಮ ಸಾಯುವುದು, ಮರಿ ದಾರಿ ತಪ್ಪುವುದು ಮಕ್ಕಳ ಚಿತ್ರಗಳಲ್ಲೂ ಬರುತ್ತದೆ. ಮಗು ಆಗ ಸುಮ್ಮನಿದ್ದು ರಾತ್ರಿ ಬೆಚ್ಚಿ ಅಳಬಹುದು. ದಯವಿಟ್ಟು ನೀವು ಮೊದಲೇ ನೋಡಿಡಿ. ಸೆನ್ಸಾರ್ ಪ್ರಮಾಣಪತ್ರದಲ್ಲಿ ‘ಯುಎ 7+’ (ಏಳರೊಳಗಿನವರಿಗೆ ಪಾಲಕರ ಮಾರ್ಗದರ್ಶನ ಬೇಕು) ಎಂದಿದ್ದರೆ ಏಳರೊಳಗಿನವರನ್ನು ಕರೆದೊಯ್ಯಬೇಡಿ.

ಥಿಯೇಟರಿನಲ್ಲಿ ಸದ್ದೇ ದೊಡ್ಡ ತೊಂದರೆ. ಸ್ಪೀಕರಿನಿಂದ ದೂರ, ಹಿಂದಿನ ಸಾಲಿನ ಅಂಚಿನ ಸೀಟು ಹಿಡಿಯಿರಿ. ಸದ್ದು ತಗ್ಗಿಸಲು ಕಿವಿ ಮುಚ್ಚುವ ಮಕ್ಕಳ ಇಯರ್‌ಮಫ್ ಇದ್ದರೆ ಇನ್ನೂ ಒಳ್ಳೆಯದು. ಊಟ, ನಿದ್ದೆ ಆದ ಮೇಲಿನ ಹಗಲಿನ ಆಟವೇ ಸರಿ. ನಮ್ಮ ಎರಡೂವರೆ ಗಂಟೆಯ ಚಿತ್ರಗಳಲ್ಲಿ ಇಂಟರ್ವಲ್‌ಗೇ ಸಾಕೆಂದರೆ ಎದ್ದು ಬನ್ನಿ. ಟಿಕೆಟ್ ದುಡ್ಡಿಗಾಗಿ ಮಗುವನ್ನು ಕೂರಿಸಿಕೊಳ್ಳಬೇಡಿ.