ಅಜ್ಜಿ ಊಟಕ್ಕೆ ಕರೀತಾರೆ, ನಾನು ಬಾಗಿಲು ಹಾಕ್ಕೊಳ್ತೀನಿ

ಪ್ರಶ್ನೆ: ನನಗೆ 23 ವರ್ಷ, ಹಾಸನದವಳು. ಸ್ಪೇನಿನ ಗ್ರನಾಡಾಕ್ಕೆ ಎಂ.ಎ. ಓದಲು ಬಂದು ಎರಡು ತಿಂಗಳಾಯ್ತು. 70 ದಾಟಿದ ಅಜ್ಜಿಯೊಬ್ಬರ ಮನೆಯಲ್ಲಿ ರೂಮು ಹಿಡಿದಿದ್ದೇನೆ. ದಿನಾ ರಾತ್ರಿ ಒಂಬತ್ತೂವರೆಗೆ ಅವರು ನನಗೂ ತಟ್ಟೆ ಇಟ್ಟು ಕರೆಯುತ್ತಾರೆ. ನಾನು ಸಸ್ಯಾಹಾರಿ, ಮೊಟ್ಟೆಯೂ ತಿನ್ನಲ್ಲ. ಅಡುಗೆಮನೆ ಕಟ್ಟೆ ಮೇಲೆ ಹಂದಿಯ ಇಡೀ ಕಾಲು, ಗೊರಸಿನ ಸಮೇತ, ಸ್ಟ್ಯಾಂಡಿಗೆ ಸಿಕ್ಕಿಸಿಟ್ಟಿದ್ದಾರೆ. ಬೆಂಗಳೂರಲ್ಲಿ ಒಂದು ವರ್ಷ ಸ್ಪ್ಯಾನಿಷ್ ಕಲಿತಿದ್ದೆ. ಆದರೂ ಅಜ್ಜಿಯ ಮಾತು ತಲೆಗೆ ಹತ್ತಲ್ಲ. ತಮಗೆ 'ತೂ', ಅಂದರೆ 'ನೀನು', ಅನ್ನು ಅಂತಾರೆ, ನನಗೆ ನಾಲಿಗೆ ಏಳಲ್ಲ. ಹಾಗಾಗಿ ಬಾಗಿಲು ಹಾಕ್ಕೊಂಡು ಉಪ್ಪಿಟ್ಟು ತಿನ್ನುತ್ತಾ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಎಲ್ಲ ಚೆನ್ನಾಗಿದೆ ಅಂತೀನಿ. ಮೊನ್ನೆ ಅಜ್ಜಿ 'ನನ್ನ ಮೇಲೆ ಸಿಟ್ಟಾ?' ಅಂತ ಕೇಳಿದರು. ಸುಮ್ನೆ ನಕ್ಕು ರೂಮಿಗೆ ಬಂದೆ. ಮೂವರು ಭಾರತೀಯ ಹುಡುಗಿಯರ ಫ್ಲ್ಯಾಟಿನಲ್ಲಿ ಜಾಗ ಇದೆ. ಹೋಗಿಬಿಡಲಾ?

ಉತ್ತರ: ಈಗಲೇ ಹೋಗಬೇಡಿ. ಆ ಫ್ಲ್ಯಾಟಿನಲ್ಲಿ ತಪ್ಪೇನಿಲ್ಲ. ಆದರೆ ಅಜ್ಜಿಯ ಪ್ರಶ್ನೆ ಹಾಗೇ ಉಳಿದಿದೆ. ನೀವು ನನಗೆ ಬರೆದಿರುವುದೂ ಅದು ಚುಚ್ಚುತ್ತಿರುವುದಕ್ಕೇ ಅನಿಸುತ್ತದೆ.

ನಾನೂ ಅದೇ ಊರಲ್ಲಿ ಒಂದು ವರ್ಷ ಇದ್ದವಳು. ಅಲ್ಲಿಯವರು ಪದದ ಕೊನೆಯ 'ಸ್' ನುಂಗಿಬಿಡುತ್ತಾರೆ. ಕ್ಲಾಸಿನಲ್ಲಿ ಕಲಿತ 'ಬ್ವೇನೋಸ್ ದಿಯಾಸ್' (ಶುಭೋದಯ) ಅಲ್ಲಿ 'ಬ್ವೇನೋ ದಿಯಾ'. 'ಮಾಸ್ ಓ ಮೇನೋಸ್' (ಹೆಚ್ಚುಕಮ್ಮಿ) ಹೋಗಿ 'ಮಾ ಓ ಮೇನೋ'. ಪುಸ್ತಕ ಓದಿ ಕನ್ನಡ ಕಲಿತವರನ್ನು ಕರೆದು ತಂದು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದರೆ ಏನಾಗುತ್ತೆ ಹೇಳಿ? ದಡ್ಡತನ ಅಲ್ಲ ಅದು, ಕಿವಿ ಇನ್ನೂ ಪಳಗಿಲ್ಲ ಅಷ್ಟೆ. ನಿಮ್ಮ ನಾಲಿಗೆಗಂತೂ ಅನುಕೂಲವೇ ಜಾಸ್ತಿ. ಅವರ ತ, ದ ನಮ್ಮವೇ. 'ಮೆ ಗುಸ್ತಾ' ಅನ್ನುವುದೂ ನಮ್ಮ 'ನನಗೆ ಇಷ್ಟ' ಅನ್ನುವ ಧಾಟಿಯದೇ. 'ಮಾತಾಡ್ತೀನಿ' ಅಂದರೆ 'ನಾನು' ಬೇರೆ ಹೇಳಬೇಕಿಲ್ಲ ಅಲ್ವಾ, ಅವರ 'ಆಬ್ಲೋ' ಕೂಡ ಹಾಗೇ.

'ತೂ' ಅನ್ನಲು ಸಂಕೋಚ ಅಂದಿರಿ. ಅಮ್ಮನಿಗೆ ಏನಂತೀರಿ? ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮ, ಅಜ್ಜಿ ಎಲ್ಲರಿಗೂ 'ನೀನು' ಅಂತಲೇ ಕರೆಯುವುದು. ಅಲ್ಲಿ ಅಗೌರವ ಎಲ್ಲಿದೆ? ಸ್ಪೇನಿನಲ್ಲಿ ಎಷ್ಟೋ ಮೇಷ್ಟ್ರುಗಳನ್ನೂ ಹುಡುಗರು 'ತೂ' ಅಂತಲೇ ಮಾತಾಡಿಸುತ್ತಾರೆ. ಆ ಅಜ್ಜಿ ನಿಮ್ಮನ್ನು ಬಾಡಿಗೆಯವಳು ಅಂದುಕೊಳ್ಳದೆ ಒಳಗೆ ಕರೆದಿದ್ದಾರೆ.

ಇನ್ನು ಊಟ. 'ನೋ ಕೋಮೋ ಕಾರ್ನೆ', ಮಾಂಸ ತಿನ್ನಲ್ಲ, ಅಂತ ಹೇಳಿದರೆ ಸಾಲದು. ಅಲ್ಲಿ ಎಷ್ಟೋ ಜನಕ್ಕೆ ಹ್ಯಾಮ್, ಟ್ಯೂನಾ ಮೀನು ಎರಡೂ ಮಾಂಸದ ಲೆಕ್ಕಕ್ಕೆ ಬರಲ್ಲ. ಬರೀ ಸಲಾಡ್ ಕೇಳಿದರೂ ಮೇಲೆ ಟ್ಯೂನಾ ಬಂದಿರುತ್ತೆ. ಕಾರ್ನೆ (ಮಾಂಸ), ಪೆಸ್ಕಾದೋ (ಮೀನು), ಹಮೋನ್ (ಹ್ಯಾಮ್), ವೇವೋ (ಮೊಟ್ಟೆ), ನಾಲ್ಕನ್ನೂ ಹೆಸರು ಹಿಡಿದು ಬೇಡ ಅನ್ನಿ. ಒಂದು ಬಾಣಲೆ ನನಗೇ ಬೇರೆ ಇಟ್ಟುಕೊಳ್ಳಲಾ ಅಂತ ಕೇಳಿ. ಆ ಹಂದಿ ಕಾಲಿನ ಮೇಲೆ ಬಟ್ಟೆ ಹೊದಿಸಲಾ ಅಂತಲೂ ಕೇಳಿ, ಅಲ್ಲಿ ಹಾಗೆ ಮುಚ್ಚಿಡುವವರೇ ಬೇಕಾದಷ್ಟು ಜನ. ಆಮೇಲೆ 'ಬೆರೆಂಹೇನಾಸ್ ಕೋನ್ ಮಿಯೆಲ್' ಮಾಡಿಕೊಡಿ ಅನ್ನಿ. ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರೀತಾರೆ. ಮೇಲೆ ಕಬ್ಬಿನ ಪಾಕ ಕಪ್ಪಗೆ ಎಳೆಎಳೆಯಾಗಿ ಇಳಿಯುತ್ತೆ, ಥೇಟ್ ನಮ್ಮ ಜೋನಿಬೆಲ್ಲ. ಮೊದಲ ಸಲ ಬೆರಳಿಗೆ ಅಂಟಿದ್ದನ್ನು ನೆಕ್ಕಿದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ನೀವೂ ಒಂದು ದಿನ ಅವರಿಗೆ ಉಸಲಿ ಮಾಡಿ. ಬೇಯಿಸಿದ ಕಾಬೂಲ್ ಕಡಲೆ ಗಾಜಿನ ಬಾಟಲಿಯಲ್ಲಿ ಯಾವ ಸೂಪರ್ ಮಾರ್ಕೆಟ್ಟಲ್ಲೂ ಸಿಗುತ್ತೆ. ಮೆಣಸಿನಕಾಯಿ ಮಾತ್ರ ಒಂದೇ ಹಾಕಿ, ಅವರಿಗೆ ಖಾರ ಅಭ್ಯಾಸ ಇರಲ್ಲ.

ಇನ್ನೇನು ಗ್ರನಾಡಾದ ಚಳಿ ಬಂತು. ನಾನಿದ್ದ ಮನೆಯಲ್ಲಿ ದುಂಡು ಮೇಜಿಗೆ ನೆಲದವರೆಗೆ ದಪ್ಪ ಬಟ್ಟೆ ಇಳಿಬಿಟ್ಟು, ಕೆಳಗೆ ಕರೆಂಟಿನ ಅಗ್ಗಿಷ್ಟಿಕೆ ಇಡುತ್ತಿದ್ದರು. ಆ ಊರ ಕಡೆ ಹಳಬರ ಮನೆಗಳಲ್ಲೆಲ್ಲ ಇದು ರೂಢಿ. ಬಟ್ಟೆಯನ್ನು ಮಡಿಲ ಮೇಲೆ ಎಳೆದುಕೊಂಡರೆ ಕಾಲು ಬೆಚ್ಚಗಾಗುತ್ತೆ. ಮಾತು ಅರ್ಥವಾಗದ ದಿನಗಳಲ್ಲಿ ನಾನು ಅಲ್ಲಿ ಸುಮ್ನೆ ಕೂತು ಟಿವಿ ನೋಡುತ್ತಿದ್ದೆ. ಭಾಷೆ ನನ್ನ ಕಿವಿಗೆ ಇಳಿದಿದ್ದು ಹೆಚ್ಚಾಗಿ ಅಲ್ಲೇ.

ಅಮ್ಮನ ವಿಷಯ ಹೇಳಲೇಬೇಕು. ನಿಮ್ಮ ರಾತ್ರಿ ಒಂಬತ್ತೂವರೆ ಅಂದರೆ ಚಳಿಗಾಲದಲ್ಲಿ ಹಾಸನದಲ್ಲಿ ಬೆಳಗಿನ ಜಾವ 2 ಗಂಟೆ. ಆ ಹೊತ್ತಿನವರೆಗೂ ಎದ್ದಿರುವ ತಾಯಿಗೆ 'ಎಲ್ಲ ಚೆನ್ನಾಗಿದೆ' ಅನ್ನುವುದು ನಿಜ ಅಲ್ಲ ಅಂತ ಗೊತ್ತಾಗದೆ ಇರುತ್ತಾ? ಮಧ್ಯಾಹ್ನ 3ಕ್ಕೆ, ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುವ ಹೊತ್ತಿಗೆ ಕಾಲ್ ಮಾಡಿ. ಹಾಸನದಲ್ಲಿ ಸಂಜೆ ಏಳೂವರೆ ಆಗಿರುತ್ತೆ. ಕಷ್ಟ ಆಗ್ತಿದೆ ಅಂತ ಹೇಳಿ. ಉಸಲಿಗೆ ಏನೇನು ಹಾಕಬೇಕು ಅಂತಲೂ ಕೇಳಿ. ಅಮ್ಮನ ನಿದ್ದೆಯೂ ಉಳಿಯುತ್ತೆ, ನಿಮ್ಮ ರಾತ್ರಿಯೂ ಬಿಡುವಾಗುತ್ತೆ. ಇಷ್ಟಾದ ಮೇಲೂ ನಿದ್ದೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ತಡ ಮಾಡದೆ ನಿಮ್ಮ ವಿಶ್ವವಿದ್ಯಾಲಯದ ಆಪ್ತ ಸಮಾಲೋಚಕರನ್ನು ಕಾಣಿ.

ಫೆಬ್ರವರಿ ಹೊತ್ತಿಗೂ ಆ ಫ್ಲ್ಯಾಟೇ ಬೇಕು ಅನಿಸಿದರೆ ಖಂಡಿತ ಹೋಗಿ. ಒಂದು ತಿಂಗಳು ಮುಂಚೆ, ಅದೇ ಮೇಜಿನ ಹತ್ತಿರ ಕೂತು ಅಜ್ಜಿಗೆ ಹೇಳಿ ಹೋಗಿ. ಇವತ್ತು ರಾತ್ರಿ ಮಾತ್ರ ಅವರು ಕರೆದ ಕೂಡಲೇ ಹೊರಗೆ ಬನ್ನಿ. 'ನೋ ಎಸ್ತೋಯ್ ಎನ್ಫದಾದಾ', ಸಿಟ್ಟಿಲ್ಲ, ಅಂತ ಹೇಳಿ. ಮೊನ್ನೆಯಿಂದ ಅವರು ಕಾಯುತ್ತಿರಬೇಕು.